ಗಾಜಿನ ತೊಟ್ಟಿಯಲ್ಲಿ ಸಿಗಡಿಯ ಸಂಸಾರ

ಸಿಗಡಿಯೆಂದೊಡನೆ ಕರಾವಳಿಯ ವಾಚಕರಿಗೆ ಅಡುಗೆಯ ನೆನಪಾದೀತು. ನಾವು ಹೇಳಹೊರಟಿರುವುದು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕತಕ್ಕ, ಸುಮಾರು 1 ಅಂಗುಲ ಉದ್ದದ ಚೆರಿ ಸಿಗಡಿಯ ವಿಷಯ. ಚೀನಾ, ತೈವಾನುಗಳ ಸಿಹಿನೀರ ಹೊಳೆಗಳಲ್ಲಿ ಇದು ಮಾಸಲು ಬಣ್ಣದ ಪ್ರಾಣಿ. ಕೆಂಪು ಮರಿಗಳನ್ನೇ ಆರಿಸಿ ಬೆಳೆಸಿದುದರಿಂದ ಈಗಿನ ಕುಂಕುಮವರ್ಣವು ನೆಲೆಗೊಂಡಿತು.

ತೊಟ್ಟಿಗೆ 20 ಲೀಟರು ನೀರು, ಜಾವಾ ಪಾಚಿ, ಸ್ಪಂಜಿನ ಶೋಧಕ ಇಷ್ಟು ಸಾಕು. ಆದರೆ ನೀರು ತುಂಬಿದ ದಿನವೇ ಸಿಗಡಿಗಳನ್ನು ಬಿಡುವುದು ಅವಿವೇಕ. ಕೊಳೆಯಿಂದ ಹುಟ್ಟುವ ಅಮೋನಿಯವನ್ನು ಪರಿಹರಿಸುವ ಸೂಕ್ಷ್ಮಜೀವಿಗಳು ನೆಲೆಯೂರಲು 4–6 ವಾರಗಳು ಹಿಡಿಯುವುವು.

ಶುಚಿಯೆಂದು ನಮ್ಮ ಗೃಹಿಣಿಯರು ತಾಮ್ರದ ಬಿಂದಿಗೆಯಲ್ಲಿ ತುಂಬಿಟ್ಟ ನೀರನ್ನು ಈ ತೊಟ್ಟಿಗೆ ಎಂದಿಗೂ ಸುರಿಯತಕ್ಕುದಲ್ಲ. ಅದರಲ್ಲಿ ಕರಗಿದ ಲೇಶಮಾತ್ರ ತಾಮ್ರವೂ ಸಿಗಡಿಗಳಿಗೆ ವಿಷವಾಗಬಲ್ಲುದು. ವಿಚಿತ್ರವೆಂದರೆ, ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರಲು ಕಬ್ಬಿಣವಿರುವಂತೆ ಅವುಗಳ ರಕ್ತದಲ್ಲಿರುವುದು ತಾಮ್ರವೇ! ಮೀನಿನ ಕೆಲವು ಔಷಧಗಳಲ್ಲಿಯೂ ತಾಮ್ರವುಂಟು. ಶೀಸೆಯ ಚೀಟಿಯನ್ನು ಓದಿಯೇ ಕೊಳ್ಳಬೇಕು.

ಸಿಗಡಿಗಳು ಆಗಾಗ ಹಾವಿನಂತೆ ಪೊರೆ ಬಿಡುವುವು. ಸತ್ತಿತೆಂದು ಮಕ್ಕಳು ಅತ್ತಾರು. ಸಮಾಧಾನಪಡಿಸಿ, ಪೊರೆಯನ್ನು ಅಲ್ಲಿಯೇ ಬಿಡಿರಿ, ಅವೇ ಅದನ್ನು ತಿನ್ನುವುವು.

ಪೊರೆ ಬಿಟ್ಟೊಡನೆ ಗಂಡನ್ನು ಕೂಡಿದ ಹೆಣ್ಣು 20–30 ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಗಾಲುಗಳಲ್ಲಿ ಹೊತ್ತು, ಬೀಸಣಿಗೆ ಬೀಸುವಂತೆ ಆಡಿಸುತ್ತ, ಸುಮಾರು 3 ವಾರ ಕಾಯುವುದು. ಎಳ್ಳುಕಾಳಿಗಿಂತ ದೊಡ್ಡವಲ್ಲದ ಮರಿಗಳು ತಾಯಿಯ ರೂಪದಲ್ಲಿಯೇ ಹೊರಬಂದು ಪಾಚಿಯೊಳಗೆ ಮೇಯುವುವು. ತೊಟ್ಟಿಯಲ್ಲಿ ಮೀನುಗಳಿದ್ದರೆ ಬಹುಪಾಲು ಮರಿಗಳು ಅವುಗಳ ಬಾಯಿಗೇ ಸರಿ. ಸಂತತಿ ಮಿತಿಮೀರಿತೆಂದು ಊರ ಕೆರೆಗೆ ಮಾತ್ರ ಬಿಡಬೇಡಿರಿ, ನೆರೆಮನೆಯವರಿಗೆ ಕೊಡಿರಿ.