ಕರ್ನಾಟಕದಲ್ಲಿ ವಿದ್ಯುತ್ ವಾಹನ ಪ್ರೋತ್ಸಾಹಕಗಳು

ವಿದ್ಯುತ್ ವಾಹನ ಪ್ರೋತ್ಸಾಹಕಗಳು ಎಂದರೆ ಬ್ಯಾಟರಿಯಿಂದ ಚಲಿಸುವ ವಾಹನಗಳನ್ನು ಕೊಳ್ಳುವವರಿಗೆ ಅಥವಾ ಗುತ್ತಿಗೆಗೆ ಪಡೆಯುವವರಿಗೆ ಸರ್ಕಾರಗಳು ನೀಡುವ ಸಹಾಯಧನ, ತೆರಿಗೆ ವಿನಾಯಿತಿ ಮತ್ತು ಶುಲ್ಕ ರಿಯಾಯಿತಿಗಳು. ಕರ್ನಾಟಕದಲ್ಲಿ ಇವು ಎರಡು ಮೂಲಗಳಿಂದ ಬರುತ್ತವೆ. ಸಹಾಯಧನ, ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ರಿಯಾಯಿತಿಗಳು ಕೇಂದ್ರ ಸರ್ಕಾರದವು. ಮೋಟಾರು ವಾಹನ ತೆರಿಗೆಯ ವಿನಾಯಿತಿ ರಾಜ್ಯ ಸರ್ಕಾರದ್ದು. ದೆಹಲಿ, ಮಹಾರಾಷ್ಟ್ರ, ಗುಜರಾತ್‌ಗಳು ತಮ್ಮ ನೀತಿಗಳಲ್ಲಿ ಗ್ರಾಹಕರಿಗೆ ರಾಜ್ಯದ ಬೊಕ್ಕಸದಿಂದಲೇ ಸಹಾಯಧನ ಘೋಷಿಸಿದ್ದವು. ಕರ್ನಾಟಕವು ಆ ದಾರಿಯನ್ನು ಹಿಡಿಯದೆ ತೆರಿಗೆಯನ್ನು ಬಿಟ್ಟುಕೊಡುವ ಕ್ರಮವನ್ನು ಅನುಸರಿಸಿತು. ಆದ್ದರಿಂದ ಇಲ್ಲಿನ ಗ್ರಾಹಕನಿಗೆ ದೊರೆಯುವ ಪ್ರಯೋಜನದ ಬಹುಪಾಲು ಹಣವಾಗಿ ಕೈಗೆ ಬರುವುದಿಲ್ಲ. ಬಿಲ್ಲಿನಲ್ಲಿ ಇಲ್ಲದ ಮೊತ್ತವಾಗಿ ಉಳಿಯುತ್ತದೆ. ಸಹಾಯಧನ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಸರಿಯಲ್ಲ.

ಹಿನ್ನೆಲೆ

ಭಾರತದಲ್ಲಿ ವಿದ್ಯುತ್ ಕಾರಿನ ಇತಿಹಾಸ ಬೆಂಗಳೂರಿನೊಂದಿಗೆ ಬೆಸೆದುಕೊಂಡಿದೆ. ಇಲ್ಲಿ ತಯಾರಾದ ಎರಡು ಬಾಗಿಲಿನ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು. ಆ ಕಂಪನಿಯನ್ನು 2010ರಲ್ಲಿ ಮಹೀಂದ್ರಾ ಸಂಸ್ಥೆ ವಶಕ್ಕೆ ಪಡೆಯಿತು. ಕೇಂದ್ರ ಸರ್ಕಾರದ ‘ಫೇಮ್’ ಯೋಜನೆ 2015ರ ಏಪ್ರಿಲ್ 1ರಂದು ಆರಂಭವಾಯಿತು. ಕರ್ನಾಟಕ ಸರ್ಕಾರವು 2017ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ವಾಹನ ಮತ್ತು ಇಂಧನ ಸಂಗ್ರಹಣಾ ನೀತಿಯನ್ನು ಪ್ರಕಟಿಸಿತು. ಇಂತಹ ನೀತಿಯನ್ನು ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. 31,000 ಕೋಟಿ ರೂಪಾಯಿಗಳ ಬಂಡವಾಳ ಹಾಗೂ 55,000 ಉದ್ಯೋಗಗಳು ಅದರ ಗುರಿಯಾಗಿದ್ದವು. ಈ ಗುರಿಗಳೇ ಸೂಚಿಸುವಂತೆ ಅದು ಪ್ರಧಾನವಾಗಿ ತಯಾರಕರನ್ನು ಆಕರ್ಷಿಸುವ ನೀತಿ. 2025ರ ಫೆಬ್ರವರಿಯಲ್ಲಿ ಬಿಡುಗಡೆಯಾದ 2025–30ರ ಸ್ವಚ್ಛ ಸಾರಿಗೆ ನೀತಿಯೂ ಅದೇ ಜಾಡಿನಲ್ಲಿದೆ.

ಜೀವಿತಾವಧಿ ತೆರಿಗೆಯ ವಿನಾಯಿತಿ

ಗ್ರಾಹಕನ ದೃಷ್ಟಿಯಿಂದ ರಾಜ್ಯದ ಅತಿ ಮುಖ್ಯ ಪ್ರೋತ್ಸಾಹಕ ಇದೇ. 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯಿದೆಯಂತೆ ಖಾಸಗಿ ವಾಹನಗಳಿಗೆ ನೋಂದಣಿಯ ಸಮಯದಲ್ಲಿ ಒಮ್ಮೆಗೇ ಜೀವಿತಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದ ದರಗಳು ದೇಶದಲ್ಲೇ ಅತ್ಯಂತ ಹೆಚ್ಚಿನವುಗಳ ಸಾಲಿಗೆ ಸೇರಿವೆ. ಪೆಟ್ರೋಲ್ ದ್ವಿಚಕ್ರ ವಾಹನದ ಬೆಲೆ 50,000 ರೂಪಾಯಿಗಳಿಂದ 1 ಲಕ್ಷದವರೆಗೆ ಇದ್ದರೆ ಶೇ 12, 1 ಲಕ್ಷ ಮೀರಿದರೆ ಶೇ 18. ಕಾರುಗಳಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲ್ಪಟ್ಟರೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಉಪಕರವಿದೆ.

ದರ ಹೆಚ್ಚಿದ್ದಷ್ಟೂ ವಿನಾಯಿತಿಯ ಮೌಲ್ಯ ಹೆಚ್ಚು. 1,20,000 ರೂಪಾಯಿ ಬೆಲೆಯ ಪೆಟ್ರೋಲ್ ಸ್ಕೂಟರಿಗೆ ತೆರಿಗೆ 21,600, ಉಪಕರ 2,376, ಒಟ್ಟು 23,976 ರೂಪಾಯಿ ಆಗುತ್ತದೆ. 12 ಲಕ್ಷದ ಪೆಟ್ರೋಲ್ ಕಾರಿಗೆ ಇದೇ ಲೆಕ್ಕ 2,26,440 ರೂಪಾಯಿಗೆ ಏರುತ್ತದೆ. ಪೂರ್ಣ ವಿನಾಯಿತಿ ಜಾರಿಯಲ್ಲಿದ್ದ ಅವಧಿಯಲ್ಲಿ ಅದೇ ಬೆಲೆಯ ವಿದ್ಯುತ್ ವಾಹನಕ್ಕೆ ಈ ಮೊತ್ತ ಸೊನ್ನೆ. ಕಾರು ಕೊಂಡವನಿಗೆ ಇಷ್ಟು ದೊಡ್ಡ ಮೊತ್ತವನ್ನು ಉಳಿಸಿಕೊಟ್ಟ ರಾಜ್ಯ ಸರ್ಕಾರದ ಬೇರೆ ಯಾವ ಯೋಜನೆಯೂ ಇರಲಿಲ್ಲ. ಆದರೂ ಇದಕ್ಕೆ ಆಕರ್ಷಕವಾದ ಹೆಸರಾಗಲಿ ಅರ್ಜಿ ನಮೂನೆಯಾಗಲಿ ಇಲ್ಲದ ಕಾರಣ ಜನರ ಮಾತಿನಲ್ಲಿ ಇದು ಯೋಜನೆ ಎನಿಸಿಕೊಂಡಿದ್ದು ಕಡಿಮೆ.

2024ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರು, ಜೀಪು ಮುಂತಾದವುಗಳಿಗೆ ಶೇ 10ರ ಜೀವಿತಾವಧಿ ತೆರಿಗೆ ವಿಧಿಸಲಾಯಿತು. ಇದರಂತೆ 30 ಲಕ್ಷದ ವಿದ್ಯುತ್ ಕಾರಿಗೆ ತೆರಿಗೆ 3 ಲಕ್ಷ. ಅದೇ ಬೆಲೆಯ ಪೆಟ್ರೋಲ್ ಕಾರಿಗೆ 5,40,000. ವಿನಾಯಿತಿ ಎಂಬುದು ಶಾಶ್ವತ ಹಕ್ಕಲ್ಲ, ಶಾಸನಸಭೆ ಬದಲಿಸಬಹುದಾದ ದರ ಎಂಬುದು ಈ ತಿದ್ದುಪಡಿಯಿಂದ ಸ್ಪಷ್ಟವಾಯಿತು. ಮುಂಗಡ ಕೊಟ್ಟ ದಿನದ ದರವಲ್ಲ, ನೋಂದಣಿಯ ಹೊತ್ತಿಗೆ ಜಾರಿಯಲ್ಲಿರುವ ದರವೇ ಲೆಕ್ಕಕ್ಕೆ ಬರುತ್ತದೆ.

ಕೇಂದ್ರದ ಸಹಾಯಧನ

ಕೇಂದ್ರದ ಸಹಾಯಧನವನ್ನು ಬ್ಯಾಟರಿಯ ಸಾಮರ್ಥ್ಯಕ್ಕೆ ಅನುಗುಣವಾಗಿ, ಪ್ರತಿ ಕಿಲೋವ್ಯಾಟ್ ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕಲಾಗುತ್ತದೆ. ಗ್ರಾಹಕನು ಕಡಿಮೆಯಾದ ಬೆಲೆಯನ್ನು ಪಾವತಿಸುತ್ತಾನೆ. ಆ ವ್ಯತ್ಯಾಸವನ್ನು ತಯಾರಕನು ಸರ್ಕಾರದಿಂದ ಪಡೆದುಕೊಳ್ಳುತ್ತಾನೆ.

2019ರ ಏಪ್ರಿಲ್ 1ರಂದು 10,000 ಕೋಟಿ ರೂಪಾಯಿಗಳ ‘ಫೇಮ್’ ಎರಡನೆಯ ಹಂತ ಆರಂಭವಾಯಿತು. ದ್ವಿಚಕ್ರ ವಾಹನಗಳ ಪಾಲಿಗೆ ಆ ಬಳಿಕ ನಡೆದ ಏರಿಳಿತವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸ್ಕೂಟರೊಂದರ ಬ್ಯಾಟರಿ 3 ಕಿಲೋವ್ಯಾಟ್ ಗಂಟೆಯದು, ಕಾರ್ಖಾನೆ ಬೆಲೆ 1,20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆರಂಭದಲ್ಲಿ ಕಿಲೋವ್ಯಾಟ್ ಗಂಟೆಗೆ 10,000 ರೂಪಾಯಿ, ಆದರೆ ಬೆಲೆಯ ಶೇ 20 ಮೀರುವಂತಿಲ್ಲ ಎಂಬ ಮಿತಿ ಇದ್ದುದರಿಂದ ಸಹಾಯಧನ 24,000. 2021ರ ಜೂನ್‌ನಲ್ಲಿ ದರವನ್ನು 15,000ಕ್ಕೂ ಮಿತಿಯನ್ನು ಶೇ 40ಕ್ಕೂ ಏರಿಸಿದಾಗ ಅದು 45,000 ಆಯಿತು. 2023ರ ಜೂನ್ 1ರಿಂದ ದರ ಮತ್ತೆ 10,000ಕ್ಕೆ, ಮಿತಿ ಶೇ 15ಕ್ಕೆ ಇಳಿದಾಗ 18,000ಕ್ಕೆ ಕುಸಿಯಿತು. ಫೇಮ್ ಮುಗಿದ ಮರುದಿನ, 2024ರ ಏಪ್ರಿಲ್ 1ರಂದು ಬಂದ ತಾತ್ಕಾಲಿಕ ಯೋಜನೆಯಲ್ಲಿ ಗರಿಷ್ಠ ಮೊತ್ತ 10,000. ಅದೇ ಅಕ್ಟೋಬರ್ 1ರಂದು ಜಾರಿಗೆ ಬಂದ ‘ಪಿಎಂ ಇ-ಡ್ರೈವ್’ ಯೋಜನೆಯ ಮೊದಲ ಹಂತದಲ್ಲೂ ಅಷ್ಟೇ. 2025ರ ಏಪ್ರಿಲ್‌ನಿಂದ 5,000. ನಾಲ್ಕೇ ವರ್ಷಗಳಲ್ಲಿ ಒಂದೇ ವಾಹನದ ಸಹಾಯಧನ ಒಂಬತ್ತನೇ ಒಂದು ಭಾಗಕ್ಕೆ ಇಳಿದಂತಾಯಿತು. ನೆರೆಯವರು 2022ರಲ್ಲಿ ಕೊಂಡ ಬೆಲೆಯನ್ನು ಆಧಾರವಾಗಿಟ್ಟುಕೊಂಡು ಈಗಿನ ಲೆಕ್ಕ ಹಾಕುವುದು ತಪ್ಪಾಗುವುದು ಈ ಕಾರಣದಿಂದಲೇ.

ಫೇಮ್ ಅವಧಿಯಲ್ಲಿ ದ್ವಿಚಕ್ರ ವಾಹನದ ಕಾರ್ಖಾನೆ ಬೆಲೆ 1.5 ಲಕ್ಷ ಮೀರಬಾರದೆಂಬ ನಿಯಮವಿತ್ತು. ಕೆಲವು ಪ್ರಮುಖ ತಯಾರಕರು ಚಾರ್ಜರ್‌ಗೆ ಪ್ರತ್ಯೇಕ ಬಿಲ್ ಮಾಡಿ ಬೆಲೆಯನ್ನು ಮಿತಿಯೊಳಗೆ ತೋರಿಸಿದ್ದು 2023ರಲ್ಲಿ ವಿವಾದವಾಯಿತು. ಚಾರ್ಜರ್‌ನ ಹಣವನ್ನು ಗ್ರಾಹಕರಿಗೆ ಹಿಂದಿರುಗಿಸಲು ಅವರು ಒಪ್ಪಬೇಕಾಯಿತು.

ಪಿಎಂ ಇ-ಡ್ರೈವ್‌ನಲ್ಲಿ ಗ್ರಾಹಕನ ಆಧಾರ್ ದೃಢೀಕರಣದ ಬಳಿಕ ಇ-ವೋಚರ್ ಸೃಷ್ಟಿಯಾಗಿ, ಅದರ ಕೊಂಡಿ ಮೊಬೈಲಿಗೆ ಬರುತ್ತದೆ. ಅದಕ್ಕೆ ಗ್ರಾಹಕ ಮತ್ತು ಡೀಲರ್ ಇಬ್ಬರೂ ಸಹಿ ಮಾಡಬೇಕು. ಒಂದು ಆಧಾರ್ ಸಂಖ್ಯೆಗೆ ಒಂದು ವರ್ಗದಲ್ಲಿ ಒಂದೇ ವಾಹನ. ಕೆಲಸವೆಲ್ಲ ಷೋರೂಮಿನಲ್ಲೇ ಮುಗಿಯುವುದರಿಂದ ಮಧ್ಯವರ್ತಿಯ ಅಗತ್ಯವಿಲ್ಲ. ಬಿಲ್ಲಿನಲ್ಲಿ ಸಹಾಯಧನದ ಮೊತ್ತವನ್ನು ಪ್ರತ್ಯೇಕವಾಗಿ ಕಳೆದು ತೋರಿಸಿದೆಯೇ ಎಂಬುದನ್ನು ಮಾತ್ರ ಗ್ರಾಹಕನೇ ನೋಡಿಕೊಳ್ಳಬೇಕು. 2025ರ ಆಗಸ್ಟ್‌ನಲ್ಲಿ ಯೋಜನೆಯ ಅವಧಿಯನ್ನು 2028ರ ಮಾರ್ಚ್‌ವರೆಗೆ ವಿಸ್ತರಿಸಿದಾಗಲೂ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ಸಹಾಯಧನದ ಗಡುವನ್ನು 2026ರ ಮಾರ್ಚ್ 31 ಎಂದೇ ಉಳಿಸಿಕೊಳ್ಳಲಾಯಿತು.

ಗಂಟೆಗೆ 25 ಕಿಲೋಮೀಟರ್ ವೇಗ ಮೀರದ, 250 ವ್ಯಾಟ್‌ವರೆಗಿನ ಮೋಟಾರಿನ ಸಣ್ಣ ಸ್ಕೂಟರುಗಳಿಗೆ ನೋಂದಣಿ, ಚಾಲನಾ ಪರವಾನಗಿ ಎರಡೂ ಬೇಕಿಲ್ಲ. ಅಂತೆಯೇ ಸಹಾಯಧನವೂ ಇಲ್ಲ. ಮಲೆನಾಡಿನ ಏರುಗಳಿಗೆ ಅವು ಹೇಳಿಮಾಡಿಸಿದವೂ ಅಲ್ಲ.

ಜಿಎಸ್‌ಟಿ

2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ, ಚಾರ್ಜರ್‌ಗಳದು ಶೇ 18ರಿಂದ 5ಕ್ಕೆ ಇಳಿಯಿತು. ಆಗ ಪೆಟ್ರೋಲ್ ಸ್ಕೂಟರಿಗೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳು ಹಾಗೂ ಸಣ್ಣ ಕಾರುಗಳ ದರ ಶೇ 18ಕ್ಕೆ ಇಳಿದಾಗ ವಿದ್ಯುತ್ ವಾಹನದ ದರ ಶೇ 5ರಲ್ಲೇ ಉಳಿಯಿತು. ನಡುವಿನ ಅಂತರ ಶೇ 23ರಿಂದ 13ಕ್ಕೆ ತಗ್ಗಿತು. ವಿದ್ಯುತ್ ವಾಹನದ ನಿಯಮದಲ್ಲಿ ಒಂದಕ್ಷರವೂ ಬದಲಾಗದೆ ಅದರ ಅನುಕೂಲ ಕಡಿಮೆಯಾದದ್ದಕ್ಕೆ ಇದು ನಿದರ್ಶನ.

ಆದಾಯ ತೆರಿಗೆ ಮತ್ತು ಇತರ ರಿಯಾಯಿತಿಗಳು

2019ರ ಕೇಂದ್ರ ಬಜೆಟ್‌ನಲ್ಲಿ ಸೇರಿಸಲಾದ 80ಇಇಬಿ ಕಲಮಿನಂತೆ ವಿದ್ಯುತ್ ವಾಹನ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಕಡಿತ ಪಡೆಯಬಹುದಾಗಿತ್ತು. 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಇದು ಅನ್ವಯ. ಹೊಸ ಸಾಲಗಳಿಗೆ ಈ ಸೌಲಭ್ಯ ಇಲ್ಲ. ಹಸಿ ಅಥವಾ ಒಣ ಕಾಫಿಯನ್ನು ಸಂಸ್ಕರಣೆಗೆ ಮೊದಲೇ ಮಾರುವ ಬೆಳೆಗಾರನ ವರಮಾನ ಕೃಷಿ ಆದಾಯವಾಗಿ ಕೇಂದ್ರದ ಆದಾಯ ತೆರಿಗೆಯಿಂದ ಹೊರಗಿರುವುದರಿಂದ, ಕಾಫಿ ನಾಡಿನ ಸಣ್ಣ ಹಿಡುವಳಿದಾರರಿಗೆ ಇದರಿಂದ ಅಂದೂ ಹೆಚ್ಚಿನ ಲಾಭವಿರಲಿಲ್ಲ.

2021ರ ಆಗಸ್ಟ್‌ನಿಂದ ಬ್ಯಾಟರಿ ವಾಹನಗಳ ಆರ್‌ಸಿ ನೀಡಿಕೆ ಮತ್ತು ನವೀಕರಣಕ್ಕೆ ಶುಲ್ಕವಿಲ್ಲ. 2022ರ ಜೂನ್‌ನಿಂದ ಮೂರನೆಯ ವ್ಯಕ್ತಿ ವಿಮೆಯ ಕಂತಿನಲ್ಲಿ ಶೇ 15 ರಿಯಾಯಿತಿ ಇದೆ. ಬಾಡಿಗೆಗೆ ಓಡುವ ಬ್ಯಾಟರಿ ವಾಹನಗಳಿಗೆ 2018ರಲ್ಲಿ ಕೇಂದ್ರವು ರಹದಾರಿಯಿಂದ ವಿನಾಯಿತಿ ನೀಡಿತು. ಖಾಸಗಿ ವಾಹನಕ್ಕೆ ಹಸಿರು ಫಲಕದಲ್ಲಿ ಬಿಳಿ ಅಕ್ಷರ, ಬಾಡಿಗೆಯದಕ್ಕೆ ಹಳದಿ ಅಕ್ಷರ.

ಗುತ್ತಿಗೆ

ಗುತ್ತಿಗೆಯಲ್ಲಿ ವಾಹನವು ಕಂಪನಿಯ ಹೆಸರಿನಲ್ಲಿ ನೋಂದಣಿಯಾಗುವುದರಿಂದ, ತೆರಿಗೆ ವಿನಾಯಿತಿಯ ಮೊದಲ ಫಲಾನುಭವಿ ಆ ಕಂಪನಿಯೇ. ಬಳಕೆದಾರನಿಗೆ ಅದು ತಿಂಗಳ ಬಾಡಿಗೆಯ ಇಳಿಕೆಯಾಗಿ ತಲುಪಬೇಕು. ತಲುಪಿದೆಯೇ ಎಂಬುದನ್ನು ಪೆಟ್ರೋಲ್ ವಾಹನದ ಬಾಡಿಗೆಯೊಡನೆ ಹೋಲಿಸಿಯೇ ತಿಳಿಯಬೇಕು. ಬ್ಯಾಟರಿ ಇಲ್ಲದೆಯೂ ವಾಹನವನ್ನು ನೋಂದಾಯಿಸಲು 2020ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅವಕಾಶ ನೀಡಿದ ಮೇಲೆ, ವಾಹನವನ್ನು ಕೊಂಡು ಬ್ಯಾಟರಿಯನ್ನು ಮಾತ್ರ ಬಾಡಿಗೆಗೆ ಪಡೆಯುವ ಪದ್ಧತಿಗೂ ದಾರಿಯಾಯಿತು. ಇಲ್ಲಿ ಒಂದು ತೊಡಕಿದೆ: ವಾಹನದೊಡನೆ ಬಂದ ಬ್ಯಾಟರಿಗೆ ಶೇ 5 ಜಿಎಸ್‌ಟಿಯಾದರೆ, ಪ್ರತ್ಯೇಕವಾಗಿ ಮಾರಿದ ಬ್ಯಾಟರಿಗೆ ಶೇ 18.

ಕಾಫಿ ನಾಡಿನಲ್ಲಿ ಅನ್ವಯ

ಚಿಕ್ಕಮಗಳೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಆಲ್ದೂರು, ಹಾಗೂ ಮೂಡಿಗೆರೆ, ಕಳಸ ಪ್ರದೇಶಗಳಲ್ಲಿ ಮೇಲಿನ ನಿಯಮಗಳು ಬೇರೆಯೇ ಚಿತ್ರವನ್ನು ಕೊಡುತ್ತವೆ. ತೋಟದ ಕೆಲಸ ನಡೆಯುವುದು ಜೀಪು ಮತ್ತು ಪಿಕಪ್‌ಗಳಲ್ಲಿ. ಗೊಬ್ಬರದ ಚೀಲ, ಕಾಫಿ ಮೂಟೆ, ಕೆಲಸಗಾರರು ಎಲ್ಲಕ್ಕೂ ಅವೇ. ಆದರೆ ಪಿಎಂ ಇ-ಡ್ರೈವ್‌ನಲ್ಲಿ ಖಾಸಗಿ ಕಾರು–ಜೀಪುಗಳಿಗೆ ಸ್ಥಾನವಿಲ್ಲ. ಟ್ರಕ್‌ಗಳಿಗೆ ಸಹಾಯಧನವಿದ್ದರೂ ಅದು 3.5 ಟನ್‌ಗಿಂತ ಹೆಚ್ಚು ಒಟ್ಟು ತೂಕದವುಗಳಿಗೆ ಮಾತ್ರ. ಸಣ್ಣ ಪಿಕಪ್ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಕೇಂದ್ರದ ಸಹಾಯಧನ ಈ ಭಾಗದಲ್ಲಿ ಪೇಟೆಗೆ ಹೋಗಿಬರುವ ಸ್ಕೂಟರ್ ಮತ್ತು ಆಟೋಗಳಿಗೆ ಸೀಮಿತವಾಗಿತ್ತು. ತೋಟದ ವಾಹನಕ್ಕೆ ಸಿಗಬಹುದಾದದ್ದು ಜಿಎಸ್‌ಟಿಯ ಕಡಿಮೆ ದರ ಮತ್ತು ರಾಜ್ಯದ ತೆರಿಗೆ ರಿಯಾಯಿತಿ ಮಾತ್ರ.

ಇನ್ನೊಂದು ವಿಷಯ ಮನೆಯ ವಿದ್ಯುತ್ತಿನದು. ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂ ವ್ಯಾಪ್ತಿಗೆ ಸೇರಿದೆ. ಮನೆಯ ಈಗಿನ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಆದರೆ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಉಚಿತ ಪ್ರಮಾಣ 2022–23ರ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿ ನಿಗದಿಯಾದದ್ದು. ಆ ವರ್ಷ ಮನೆಯಲ್ಲಿ ವಿದ್ಯುತ್ ಸ್ಕೂಟರ್ ಇರಲಿಲ್ಲವೆಂದರೆ ಅದರ ಬಳಕೆ ಸರಾಸರಿಯಲ್ಲಿ ಸೇರಿರುವುದಿಲ್ಲ. ಆಲ್ದೂರಿನಿಂದ ಚಿಕ್ಕಮಗಳೂರಿಗೆ ಸುಮಾರು 20 ಕಿ.ಮೀ. ದಿನವೂ ಹೋಗಿಬರುವ ಸ್ಕೂಟರಿಗೆ ತಿಂಗಳಿಗೆ 45 ಯೂನಿಟ್ ಬೇಕಾಗುತ್ತದೆ ಎಂದು ಭಾವಿಸಿದರೆ, 60 ಯೂನಿಟ್ ಬಳಸುವ ಮನೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಹಣ ಕಟ್ಟುತ್ತದೆ. 160 ಯೂನಿಟ್ ಬಳಸುವ ಮನೆ ಮಾತ್ರ 200ರ ಗಡಿ ದಾಟಿ ಇಡೀ ಬಿಲ್ಲನ್ನು ಭರಿಸಬೇಕಾಗುತ್ತದೆ. ವಾಹನಕ್ಕೆ ಒಂದು ಇಲಾಖೆ ಕೊಟ್ಟ ಪ್ರೋತ್ಸಾಹವನ್ನು ಇನ್ನೊಂದು ಇಲಾಖೆಯ ಯೋಜನೆ ಹೀಗೆ ಭಾಗಶಃ ಹಿಂಪಡೆಯುತ್ತದೆ; ಇದು ಉದ್ದೇಶಪೂರ್ವಕವಲ್ಲದಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಚಾರ್ಜಿಂಗ್‌ಗೆ ಬೇರೆ ಏರ್ಪಾಡೂ ಬೇಕಾಗುತ್ತದೆ.

ವಾಹನ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಸೇವೆ ಎಂದು 2018ರ ಏಪ್ರಿಲ್‌ನಲ್ಲಿ ಕೇಂದ್ರವು ಸ್ಪಷ್ಟಪಡಿಸಿದ್ದರಿಂದ ಹೋಟೆಲ್, ಹೋಂಸ್ಟೇ, ಪೆಟ್ರೋಲ್ ಬಂಕ್‌ಗಳು ಪ್ರತ್ಯೇಕ ಲೈಸೆನ್ಸ್ ಇಲ್ಲದೆ ಚಾರ್ಜಿಂಗ್ ಕೇಂದ್ರ ತೆರೆಯಬಹುದು. ರಾಜ್ಯದಲ್ಲಿ ಇದರ ನೋಡಲ್ ಸಂಸ್ಥೆ ಬೆಸ್ಕಾಂ.

ಫೇಮ್ ಯೋಜನೆಯ ಹಣ ಈ ಜಿಲ್ಲೆಗೆ ಬಸ್ಸಿನ ರೂಪದಲ್ಲೂ ಬಂದಿದೆ. ಅದರ ಎರಡನೆಯ ಹಂತದ ನೆರವಿನಿಂದ ಕೆಎಸ್‌ಆರ್‌ಟಿಸಿ ಪಡೆದ 50 ‘ಇವಿ ಪವರ್ ಪ್ಲಸ್’ ಬಸ್ಸುಗಳ ಸಂಚಾರ 2023ರ ಜನವರಿಯಲ್ಲಿ ಬೆಂಗಳೂರು–ಮೈಸೂರು ನಡುವೆ ಆರಂಭವಾಯಿತು. ಮುಂದೆ ಚಿಕ್ಕಮಗಳೂರು, ಮಡಿಕೇರಿ, ಶಿವಮೊಗ್ಗ ಮಾರ್ಗಗಳಿಗೂ ವಿಸ್ತರಿಸಿತು. ಈ ಬಸ್ಸುಗಳೂ ಒಂದು ಬಗೆಯ ಗುತ್ತಿಗೆಯವೇ. ಬಸ್ಸು ಮತ್ತು ಚಾಲಕ ಖಾಸಗಿ ಕಂಪನಿಯವು, ನಿರ್ವಾಹಕ ನಿಗಮದವರು. ಓಡಿದ ಕಿಲೋಮೀಟರಿಗೆ ಇಷ್ಟೆಂದು ನಿಗಮವು ಕಂಪನಿಗೆ ಪಾವತಿಸುತ್ತದೆ.