ಇಂಗ್ಲಿಷ್ ಬರುವವರೆಗೆ ಕಾಯಬೇಕಿಲ್ಲ

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ವಲಸೆ ಬಂದ ತಾಯಿ ಆಸ್ಪತ್ರೆಗೆ ಹೊರಟರೆ, ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಜೊತೆಗಿರುವುದು ಮಾಮೂಲು. ನೋವು ಎಂದಿನಿಂದ, ಮುಟ್ಟು ಸರಿಯಾಗಿ ಆಗುತ್ತಿದೆಯೇ, ಯಾವ ಮಾತ್ರೆ ನಡೆಯುತ್ತಿದೆ ಎಂದು ವೈದ್ಯರಿಗೆ ಆ ಮಕ್ಕಳೇ ಹೇಳಬೇಕು. ತೀರಾ ತುರ್ತಿನ ಹೊರತು ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ಬಳಸಬಾರದೆಂದು ಅಮೆರಿಕದ ಕೇಂದ್ರ ಸರ್ಕಾರ 2016ರಲ್ಲೇ ನಿಯಮ ತಂದಿತು. ನಿಯಮ ಸರಿಯಾದದ್ದೇ. ತಾಯಿಯ ಕಾಯಿಲೆಯನ್ನು ಬಿಡಿಸಿ ಹೇಳುವ ಭಾರ ಯಾವ ಮಗುವಿಗೂ ಬೇಡ. ಆದರೆ ಎರಡು ಭಾಷೆಗಳ ನಡುವೆ ನಿಂತು ರೋಗಿಯ ಮಾತು ಕೇಳಿ ಅಭ್ಯಾಸವಾದ ಈ ಮಕ್ಕಳೇ ಮುಂದೆ ಆಸ್ಪತ್ರೆಗಳಿಗೆ ಬೇಕಾದವರು ಎಂಬುದೂ ಅಷ್ಟೇ ನಿಜ.

ಇಂಥವರಿಗೆಂದೇ ಕ್ವೀನ್ಸ್‌ನ ಲಾಗಾರ್ಡಿಯಾ ಸಮುದಾಯ ಕಾಲೇಜಿನ ಆವರಣದಲ್ಲಿ 1985ರಲ್ಲಿ ‘ಇಂಟರ್‌ನ್ಯಾಷನಲ್ ಹೈಸ್ಕೂಲ್’ ಶುರುವಾಯಿತು. ದೇಶಕ್ಕೆ ಹೊಸದಾಗಿ ಬಂದ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳಿಗೇ ಮೀಸಲಾದ ಸರ್ಕಾರಿ ಶಾಲೆ ಅದು. ಅದೇ ಮಾದರಿಯ ಶಾಲೆಗಳು ಆಮೇಲೆ ಹಲವು ಹುಟ್ಟಿಕೊಂಡವು. ಆರೋಗ್ಯ ವಿಜ್ಞಾನಕ್ಕೆ ಮೀಸಲಾದದ್ದೊಂದು ಎಲ್ಮ್‌ಹರ್ಸ್ಟ್‌ನಲ್ಲಿದೆ.

ಮೊದಲು ಇಂಗ್ಲಿಷ್ ಕಲಿಸಿ, ಆಮೇಲೆ ಜೀವಶಾಸ್ತ್ರ ಎನ್ನುವ ಕ್ರಮ ಇಲ್ಲಿ ನಡೆಯುವುದಿಲ್ಲ. ನಡೆಯಲು ಸಾಧ್ಯವೂ ಇಲ್ಲ. ಆಟದ ಮೈದಾನದ ಇಂಗ್ಲಿಷ್ ಎರಡು ವರ್ಷದಲ್ಲಿ ಬಂದೀತು, ಪಠ್ಯಪುಸ್ತಕದ ಇಂಗ್ಲಿಷ್ ಕೈಹತ್ತಲು ಐದರಿಂದ ಏಳು ವರ್ಷ ಬೇಕು ಎಂದು ಕೆನಡಾದ ಭಾಷಾತಜ್ಞ ಜಿಮ್ ಕಮಿನ್ಸ್ ಬಹಳ ಹಿಂದೆಯೇ ತೋರಿಸಿದ್ದಾರೆ. ಹದಿನಾರಕ್ಕೆ ಬಂದಿಳಿದ ಹುಡುಗಿಗೆ ಅಷ್ಟು ಕಾಲ ಎಲ್ಲಿದೆ? ನ್ಯೂಯಾರ್ಕ್ ರಾಜ್ಯದಲ್ಲಿ ಹೈಸ್ಕೂಲಿನ ಉಚಿತ ಓದು ಇಪ್ಪತ್ತೊಂದರ ವಯಸ್ಸಿಗೆ ಮುಗಿಯುತ್ತದೆ. ಹಾಗಾಗಿ ಭಾಷೆ, ವಿಷಯ ಎರಡೂ ಒಟ್ಟಿಗೇ ಸಾಗಬೇಕು.

ರಕ್ತದೊತ್ತಡದ ಪಾಠವನ್ನೇ ನೋಡಿ. ಮೇಜಿನ ಸುತ್ತ ಕೂತ ನಾಲ್ವರಲ್ಲಿ ಒಬ್ಬಳದು ಬಂಗಾಳಿ, ಇಬ್ಬರದು ಸ್ಪ್ಯಾನಿಷ್, ಇನ್ನೊಬ್ಬನದು ನೇಪಾಳಿ ಎಂದಿಟ್ಟುಕೊಳ್ಳಿ. ಒಬ್ಬಳು ಗೆಳತಿಯ ತೋಳಿಗೆ ಪಟ್ಟಿ ಸುತ್ತುತ್ತಾಳೆ, ಗಾಳಿ ತುಂಬುತ್ತಾಳೆ, ಮೊಣಕೈ ಮಡಿಕೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ನಿಧಾನವಾಗಿ ಗಾಳಿ ಬಿಡುತ್ತಾಳೆ. ಬಡಿತ ಮೊದಲು ಕೇಳಿದ ಅಂಕಿ ಮೇಲಿನದು, ಕೇಳದಂತಾದದ್ದು ಕೆಳಗಿನದು. ಯಾಕೆ ಹೀಗೆ ಎಂಬ ಚರ್ಚೆ ಅವರವರ ಭಾಷೆಯಲ್ಲಿ ನಡೆದರೂ ಸರಿ, ಬರೆಯುವುದು, ತರಗತಿಗೆ ವಿವರಿಸುವುದು ಇಂಗ್ಲಿಷಿನಲ್ಲಿ. ನಾಲ್ವರಿಗೂ ಸಮಾನವಾಗಿ ಗೊತ್ತಿರುವ ಭಾಷೆ ಬೇರೊಂದಿಲ್ಲದ್ದರಿಂದ ಇಂಗ್ಲಿಷ್ ಅಲ್ಲಿ ಬಾಯಿಪಾಠದ ವಿಷಯವಾಗದೆ ಕೆಲಸದ ಮಾತಾಗುತ್ತದೆ.

ಇಂಥ ಮಕ್ಕಳು ಮುಂದೆ ಎದುರಿಸಬಹುದಾದ ನರ್ಸಿಂಗ್ ಸಹಾಯಕರ ಪ್ರಾಯೋಗಿಕ ಪರೀಕ್ಷೆಯೂ ಇದನ್ನೇ ಕೇಳುತ್ತದೆ. ರೋಗಿಯನ್ನು ಮುಟ್ಟುವ ಮೊದಲು, ಮುಖ ನೋಡಿ, ನಿಧಾನವಾಗಿ, ಸ್ಪಷ್ಟವಾಗಿ ತಾನೇನು ಮಾಡಲಿದ್ದೇನೆ ಎಂದು ಹೇಳಬೇಕು. ಹೊಸ ಭಾಷೆ ಕಲಿಯುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ತೋಚುವುದಿಲ್ಲ. ಸಣ್ಣ ವಾಕ್ಯಗಳು, ಎದುರಿಗೆ ಜೀವಂತ ಮನುಷ್ಯ, ಹೇಳಿದ್ದು ಅರ್ಥವಾಯಿತೋ ಇಲ್ಲವೋ ಎಂಬುದು ಆ ಕ್ಷಣವೇ ಗೊತ್ತಾಗುತ್ತದೆ.

ಒಂದು ಆತಂಕವನ್ನು ಹೇಳಲೇಬೇಕು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ನರ್ಸಿಂಗ್ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಸಾಕು. ಬೇಗ ಕೆಲಸ ಸಿಗುತ್ತದೆ, ಮನೆ ಬಾಡಿಗೆಗೆ ನೆರವಾಗುತ್ತದೆ. ಆದರೆ ಸಂಬಳ ಕಡಿಮೆ, ಮೈಮುರಿಯುವ ದುಡಿಮೆ. ಇಂಗ್ಲಿಷ್ ತಡವರಿಸುತ್ತದೆಂಬ ಒಂದೇ ಕಾರಣಕ್ಕೆ, ವೈದ್ಯೆಯಾಗಬಲ್ಲ ಹುಡುಗಿಗೆ ಇಷ್ಟೇ ನಿನ್ನ ಪಾಲು ಎನ್ನುವುದು ಅನ್ಯಾಯ. ನರ್ಸಿಂಗ್ ಸಹಾಯಕರ ಪ್ರಮಾಣಪತ್ರ ಮೊದಲ ಮೆಟ್ಟಿಲಾಗಲಿ. ಕಾಲೇಜಿನ ದಾರಿ ತೆರೆದಿಡುವ ಶಾಲೆಯನ್ನು ಮಾತ್ರ ಒಳ್ಳೆಯ ಶಾಲೆ ಎನ್ನಬಹುದು.

ಇದು ನಮಗೂ ಸಂಬಂಧಿಸಿದ್ದು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹಳ್ಳಿಯ ಮಕ್ಕಳು ನಮ್ಮ ನರ್ಸಿಂಗ್ ಕಾಲೇಜು ಸೇರಿದ ದಿನವೇ ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಪರೀಕ್ಷೆ ಎದುರಿಸುತ್ತಾರೆ. ಅರ್ಥವಾಗದೆ ಉರು ಹೊಡೆಯುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ನಾಳೆ ತಾಲ್ಲೂಕು ಆಸ್ಪತ್ರೆಯಲ್ಲಿ ಅವರ ಮುಂದೆ ಕೂರುವ ಅಜ್ಜಿ ಮಾತಾಡುವುದು ಕನ್ನಡವನ್ನೇ. ನರ್ಸಿಂಗ್ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಮೊದಲ ವರ್ಷ ಮಕ್ಕಳು ತರಗತಿಯಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳಲಿ, ಕನ್ನಡದಲ್ಲೇ ಚರ್ಚಿಸಲಿ. ಇಂಗ್ಲಿಷಿನಲ್ಲಿ ಬರೆಯುವುದನ್ನು ಅವರ ಪಕ್ಕ ಕೂತು ಕಲಿಸಿ.