ಹೊಗೆಸೊಪ್ಪಿನ ಹದ

ಕನ್ನಡದಲ್ಲಿ ‘ಹದ’ ಎಂಬ ಒಂದು ಚಿಕ್ಕ ಮಾತಿದೆ. ಬೇಸಾಯಗಾರನು ಮಳೆ ಬಿದ್ದ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಹದ ಬಂದಿದೆ ಎನ್ನುತ್ತಾನೆ. ಕಮ್ಮಾರನು ಕಾದ ಕಬ್ಬಿಣದ ಬಣ್ಣವನ್ನು ಕಂಡು ಹದವನ್ನು ಅರಿಯುತ್ತಾನೆ. ಮನೆಯ ಹೆಣ್ಣುಮಗಳು ಬೆಲ್ಲದ ಪಾಕವನ್ನು ಎರಡು ಬೆರಳ ನಡುವೆ ಎಳೆದು ಅದನ್ನೇ ತಿಳಿಯುತ್ತಾಳೆ. ತೊಗಲನ್ನು ಸಂಸ್ಕರಿಸುವುದಕ್ಕೂ ಹದಮಾಡುವುದೆಂದೇ ಹೆಸರು. ಅಳತೆ, ಕಾಲ, ಶಾಖ, ತೇವ, ಇವುಗಳ ಜೊತೆಗೆ ಕೈಯ ಅನುಭವ, ಎಲ್ಲವೂ ಈ ಎರಡಕ್ಷರದಲ್ಲಿ ಅಡಗಿವೆ. ಕಲೆ, ಕಸುಬು, ವಿಜ್ಞಾನ, ತಂತ್ರವಿದ್ಯೆ ಎಂದು ನಾವು ಬೇರೆಬೇರೆಯಾಗಿ ಓದುವ ವಿಷಯಗಳು ಹದವೆಂಬಲ್ಲಿ ಒಂದಾಗಿರುವುದನ್ನು ಕಾಣಬಹುದು.

ವಚನಗಳನ್ನು ಓದುವ ನಾವು ಜೇಡರ ದಾಸಿಮಯ್ಯ, ಮೇದರ ಕೇತಯ್ಯ, ಡೋಹರ ಕಕ್ಕಯ್ಯ ಎಂಬ ಹೆಸರುಗಳನ್ನು ಉಚ್ಚರಿಸುವಾಗ, ಕಸುಬು ಹೆಸರಿಗೆ ಅಂಟಿದ ವಿಶೇಷಣವೆಂದು ಭಾವಿಸಿ ಮುಂದೆ ಸಾಗುತ್ತೇವೆ. ಆ ಕಸುಬಿನೊಳಗೆ ಎಂತಹ ತಿಳಿವಳಿಕೆ ಇತ್ತೆಂದು ವಿಚಾರಿಸುವವರು ವಿರಳ. ಅಂತಹ ವಿಚಾರಣೆಗೆ ದೂರ ಹೋಗಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮಳೆಗಾಲದ ಕೊನೆಯ ಭಾಗದಲ್ಲಿ ಸಂಚರಿಸಿದರೆ, ಹೊಲಗಳ ನಡುವೆ ಕಿಟಕಿಯಿಲ್ಲದ, ಮನೆಗಿಂತ ಎತ್ತರವಾದ ಚೌಕ ಕಟ್ಟಡಗಳು ಕಾಣುತ್ತವೆ. ಇವೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು. ಮಠದ ಪತ್ರಿಕೆಯಲ್ಲಿ ಹೊಗೆಸೊಪ್ಪಿನ ಪ್ರಸ್ತಾಪವೇಕೆ ಎಂದು ಹುಬ್ಬೇರಿಸುವ ವಾಚಕರಿರಬಹುದು. ನಾನು ಹೇಳಹೊರಟಿರುವುದು ಸೊಪ್ಪಿನ ಹಿರಿಮೆಯನ್ನಲ್ಲ, ಬೆಂಕಿಯ ಮುಂದೆ ಕುಳಿತವರ ವಿದ್ಯೆಯನ್ನು.

ಬ್ಯಾರನ್ನಿನ ರಚನೆ ಸರಳವಾದುದು. ಗೋಡೆಯ ಹೊರಗೆ ಒಲೆಯ ಬಾಯಿ. ಒಳಗೆ ನೆಲದ ಮೇಲೆ ಸುತ್ತುವರಿದು ಹೋಗುವ ತಗಡಿನ ಕೊಳವೆಗಳು. ಬೆಂಕಿಯ ಹೊಗೆ ಕೊಳವೆಯೊಳಗೇ ಹರಿದು ಹೊರಬೀಳುತ್ತದೆ. ಒಳಗಿನ ಎಲೆಗೆ ತಗಲುವುದು ಶಾಖ ಮಾತ್ರ. ಹೊಗೆಸೊಪ್ಪಿಗೆ ಹೊಗೆಯೇ ತಾಕಬಾರದೆಂಬುದು ಈ ವಿದ್ಯೆಯ ಮೊದಲ ಪಾಠವಾಗಿರುವುದು ಒಂದು ಸೋಜಿಗ. ಬುಡದಿಂದ ಮೇಲಕ್ಕೆ ಬಲಿತಂತೆ ಬಿಡಿಸಿದ ಎಲೆಗಳನ್ನು ಹೆಂಗಸರು ಕಡ್ಡಿಗಳಿಗೆ ಕಟ್ಟುತ್ತಾರೆ. ಆ ಕಡ್ಡಿಗಳನ್ನು ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಗೋಡೆಯ ಕೆಳಗೂ ಮಾಡಿನ ಬಳಿಯೂ ಗಾಳಿಗಂಡಿಗಳಿರುತ್ತವೆ. ಇಷ್ಟೇ ಸಲಕರಣೆ. ಉಳಿದುದೆಲ್ಲವೂ ಬೆಂಕಿ ಹಾಕುವವನ ಕಣ್ಣು, ಕೈ, ಮೂಗು.

ನೂರು ಕಿಲೋ ಹಸಿ ಎಲೆಯಲ್ಲಿ ಎಂಬತ್ತಕ್ಕೂ ಮಿಗಿಲಾಗಿ ನೀರೇ ಇರುತ್ತದೆ. ಆ ನೀರನ್ನು ತೆಗೆಯುವುದಷ್ಟೇ ಉದ್ದೇಶವಾಗಿದ್ದರೆ ಬಿಸಿಲು ಸಾಕಾಗಿತ್ತು. ಕಿತ್ತ ಎಲೆ ಒಡನೆಯೇ ಸಾಯುವುದಿಲ್ಲ ಎಂಬುದರಲ್ಲಿ ಇಲ್ಲಿಯ ಸೂಕ್ಷ್ಮವಿದೆ. ಮೊದಲ ಒಂದೂವರೆ ದಿನ ಗಂಡಿಗಳನ್ನು ಮುಚ್ಚಿ, ಸುಮಾರು ೯೫ರಿಂದ ೧೦೫ ಡಿಗ್ರಿ ಫ್ಯಾರನ್‌ಹೀಟಿನ ಮೆಲುಶಾಖದಲ್ಲಿ, ತೇವ ಆರದಂತೆ ಎಲೆಯನ್ನು ಬದುಕಿಸಿಡಬೇಕು. ಆಗ ಅದು ತನ್ನ ಹಸುರನ್ನು ತಾನೇ ಕಳೆದುಕೊಳ್ಳುತ್ತದೆ. ಹಸುರಿನ ಮರೆಯಲ್ಲಿದ್ದ ಹಳದಿ ಹೊರಗೆ ಕಾಣುತ್ತದೆ. ಎಲೆಯೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹಳದಿ ತುಂಬಿದ ಗಳಿಗೆಯಲ್ಲಿ ಗಂಡಿಗಳನ್ನು ತೆರೆದು, ಗಂಟೆಗೆ ಒಂದೆರಡು ಡಿಗ್ರಿಯಂತೆ ಶಾಖವನ್ನು ಏರಿಸಿ, ನೀರನ್ನು ಹೊರಡಿಸಿ, ಆ ಬಣ್ಣವನ್ನು ಅಲ್ಲಿಯೇ ನಿಲ್ಲಿಸಬೇಕು. ಅವಸರಪಟ್ಟರೆ ಹಸುರು ಎಲೆಯಲ್ಲಿಯೇ ಉಳಿದು ಗಟ್ಟಿಯಾಗುತ್ತದೆ. ತಡಮಾಡಿದರೆ, ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವ ರೀತಿಯಲ್ಲಿ, ಎಲೆ ಕಂದಿಹೋಗುತ್ತದೆ. ಇವೆರಡರ ನಡುವಿನ ಅವಕಾಶ ಕೆಲವೇ ಗಂಟೆಗಳದು. ಅದು ನಡುರಾತ್ರಿಯಲ್ಲಿಯೂ ಬರಬಹುದು. ಆಮೇಲೆ ೧೪೦ ಡಿಗ್ರಿಯವರೆಗೆ ಎಲೆಯ ಹಾಳೆಯೂ, ೧೬೦ರವರೆಗೆ ನಡುದಂಟೂ ಒಣಗುತ್ತವೆ. ಒಟ್ಟು ಸುಮಾರು ಐದು ದಿನಗಳ ಕೆಲಸ. ಕೊನೆಗೆ ಬೆಂಕಿ ಆರಿಸಿದಾಗ ಎಲೆ ಹಪ್ಪಳದಂತಿರುತ್ತದೆ, ಮುಟ್ಟಿದರೆ ಪುಡಿ. ಆದ್ದರಿಂದ ಬಾಗಿಲು ತೆರೆದಿಟ್ಟು, ರಾತ್ರಿಯ ಗಾಳಿಯ ತೇವವನ್ನು ಅದಕ್ಕೆ ಕುಡಿಸಿ, ಮೆತ್ತಗಾದ ಮೇಲೆ ಇಳಿಸುತ್ತಾರೆ. ಅದೂ ಒಂದು ಹದವೇ.

ಉಷ್ಣಮಾಪಕ ಇಲ್ಲಿ ಉಂಟು, ನಿಜ. ಆದರೆ ಅದು ತೋರಿಸುವುದು ಗಾಳಿಯ ಶಾಖವನ್ನು, ಎಲೆಯ ಸ್ಥಿತಿಯನ್ನಲ್ಲ. ಮಳೆಯಲ್ಲಿ ಬೆಳೆದ ಎಲೆ ಬೇರೆ, ಬಿಸಿಲಲ್ಲಿ ಬಲಿತ ಎಲೆ ಬೇರೆ; ಬುಡದ ಎಲೆಯ ನಡತೆ ತುದಿಯ ಎಲೆಯದಲ್ಲ. ರಸಾಯನಶಾಸ್ತ್ರವು ಈ ಕ್ರಿಯೆಯ ಕಾರಣಗಳನ್ನು ವಿವರಿಸಿದ್ದು ಕೈಗಳು ಅದನ್ನು ಸಾಧಿಸಿ ಎಷ್ಟೋ ಕಾಲ ಕಳೆದ ಮೇಲೆ.

ಆ ಕೈಗಳು ಯಾರವು? ಅಮೆರಿಕದ ಉತ್ತರ ಕೆರೊಲಿನಾ ಪ್ರಾಂತ್ಯದ ಕ್ಯಾಸ್ವೆಲ್ ಎಂಬಲ್ಲಿ, ೧೮೩೯ರಲ್ಲಿ, ಅಬೈಷಾ ಸ್ಲೇಡ್ ಎಂಬ ಜಮೀನುದಾರನ ಬಳಿ ಸ್ಟೀಫನ್ ಎಂಬ ಹದಿನೆಂಟರ ತರುಣ ಗುಲಾಮನಾಗಿದ್ದ. ಅವನು ಕಮ್ಮಾರಿಕೆಯನ್ನು ಬಲ್ಲವನು. ಒಂದು ರಾತ್ರಿ ಬ್ಯಾರನ್ನಿನ ಬೆಂಕಿ ಕಾಯುತ್ತ ನಿದ್ರೆಹೋದ ಅವನು, ಎಚ್ಚರವಾದಾಗ ಬೆಂಕಿ ನಂದುತ್ತಿರುವುದನ್ನು ಕಂಡು, ಕುಲುಮೆಯ ಇದ್ದಿಲನ್ನು ತಂದು ಸುರಿದನಂತೆ. ಹೊಗೆಯಿಲ್ಲದ ಆ ಪ್ರಖರ ಶಾಖಕ್ಕೆ ಎಲೆಗಳು ಹೊಂಬಣ್ಣಕ್ಕೆ ತಿರುಗಿದವು. ಒಂದೇ ರಾತ್ರಿಯಲ್ಲಿ ಇಷ್ಟು ದೊಡ್ಡ ವಿದ್ಯೆ ಹುಟ್ಟಿತೆಂಬುದನ್ನು ಇತಿಹಾಸಕಾರರಲ್ಲಿ ಹಲವರು ಒಪ್ಪುವುದಿಲ್ಲ. ಹಲವರ, ಹಲವು ವರ್ಷಗಳ ಪ್ರಯೋಗಗಳ ಫಲವಿದು ಎನ್ನುತ್ತಾರೆ. ನನಗೂ ಆ ಅಭಿಪ್ರಾಯವೇ ಸರಿಯೆಂದು ತೋರುತ್ತದೆ. ಆದರೂ ಒಂದು ಅಂಶವನ್ನು ಗಮನಿಸಬೇಕು: ಇದ್ದಿಲಿನ ಶಾಖದ ಗುಣವನ್ನು ಅರಿತಿದ್ದವನು ಕಮ್ಮಾರ. ಒಂದು ಕಸುಬಿನ ಹದ ಇನ್ನೊಂದಕ್ಕೆ ದಾಟಿದ್ದು ಹೀಗೆ. ಸ್ಲೇಡ್ ಆ ಕ್ರಮವನ್ನು ತಿದ್ದಿ ಪ್ರಚುರಪಡಿಸಿ ಶ್ರೀಮಂತನಾದ. ೧೮೬೫ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಅಳಿಯುವವರೆಗೂ ಸ್ಟೀಫನ್ ಪರರ ಸೊತ್ತಾಗಿಯೇ ಇದ್ದ. ಇದ್ದಿಲಿನ ಬದಲು ಕೊಳವೆಗಳು ಬಂದದ್ದು ತರುವಾಯದ ಮಾತು.

ಆ ವಿದ್ಯೆ ೧೯೨೦ರ ದಶಕದಲ್ಲಿ ಗುಂಟೂರಿನ ಸೀಮೆಯಲ್ಲಿ ನೆಲೆಯೂರಿ, ಕ್ರಮೇಣ ನಮ್ಮ ಕೆಂಪುಮರಳು ನೆಲಕ್ಕೂ ಬಂತು. ೧೯೭೬ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಯಿತು; ೧೯೮೪ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಆರಂಭವಾಯಿತು. ಹುಣಸೂರಿನ ಸಂಶೋಧನಾ ಕೇಂದ್ರವು ತಳಿಗಳನ್ನು ನೀಡಿತು. ಕಟ್ಟೆಮಳಲವಾಡಿ, ಕಂಪಲಾಪುರ, ಚಿಲ್ಕುಂದಗಳ ಹರಾಜು ಕಟ್ಟೆಗಳಲ್ಲಿ ಬೇಲಿನ ಬೆಲೆಯನ್ನು ನಿಶ್ಚಯಿಸುವುದು ಮುಖ್ಯವಾಗಿ ಎಲೆಯ ಬಣ್ಣ ಮತ್ತು ಮೈ. ಒಂದು ರಾತ್ರಿ ಜೋಂಪು ಹತ್ತಿದರೆ ವರ್ಷದ ದುಡಿಮೆ ಕೆಳದರ್ಜೆಗೆ ಇಳಿಯುವುದು ಇಂದಿಗೂ ಹಾಗೆಯೇ ಇದೆ. ಕೂಲಿಗೆ ಬೆಂಕಿ ಕಾದವನ ಹೆಸರು ಯಾವ ಚೀಟಿಯಲ್ಲಿಯೂ ಇರುವುದಿಲ್ಲ.

ಇನ್ನು ಈ ವಿದ್ಯೆಯ ಇನ್ನೊಂದು ಮುಖ. ಒಂದು ಕಿಲೋ ಸೊಪ್ಪು ಬೇಯಿಸಲು ನಾಲ್ಕೈದು ಕಿಲೋ ಸೌದೆ ಬೇಕು. ನಾಗರಹೊಳೆಯ ಕಾಡಿನ ಅಂಚಿನ ಈ ತಾಲ್ಲೂಕುಗಳಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಡಗಿನ ಕಾಫಿ ಹೊಟ್ಟಿನ ಇಟ್ಟಿಗೆ, ಶಾಖ ಸೋರದಂತೆ ಮಾಡಿಗೆ ಹೊದಿಕೆ, ಸುಧಾರಿಸಿದ ಒಲೆ ಮೊದಲಾದ ಉಪಾಯಗಳು ಬಂದಿವೆ. ಸೌದೆ ಉಳಿಯುತ್ತದೆ, ನಿಲ್ಲುವುದಿಲ್ಲ. ಇಬ್ಬನಿಯಲ್ಲಿ ನೆನೆದ ಎಲೆ ಬಿಡಿಸುವವರ ಚರ್ಮದ ಮೂಲಕವೇ ನಿಕೋಟಿನ್ ಮೈಗೇರಿ ತಲೆಸುತ್ತು, ವಾಂತಿ ಉಂಟಾಗುತ್ತವೆ. ಸೇದುವವರಿಗೆ ಆಗುವ ಕೇಡು ಲೋಕವಿದಿತ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು ೨೦೦೪ರಲ್ಲಿಯೇ ಅನುಮೋದಿಸಿದೆ. ಕಸುಬು ಎಷ್ಟು ಸೂಕ್ಷ್ಮವಾದರೂ ಅದರಿಂದ ಹುಟ್ಟಿದ್ದು ಇನ್ನೊಬ್ಬರ ಉಸಿರನ್ನು ಕೆಡಿಸುವುದಾದರೆ ಅದನ್ನು ಕಾಯಕವೆನ್ನಲು ನನಗೆ ಮನಸ್ಸು ಬಾರದು. ಹಾಗೆಂದು ಬೆಳೆಗಾರನನ್ನು ಜರೆಯುವುದೂ ನ್ಯಾಯವಲ್ಲ. ಮಳೆಯನ್ನೇ ನಂಬಿದ ಈ ತೆಳುನೆಲದಲ್ಲಿ, ಹರಾಜಿನಲ್ಲಿ ಕೊಳ್ಳುವವರು ನಿಶ್ಚಿತವಾಗಿ ಬರುವ ಬೆಳೆ ಬೇರೊಂದು ಯಾವುದಿದೆ?

ಬೆಳೆಯನ್ನು ಬಿಡಿಸುವ ಯೋಜನೆಗಳು ಹೊಲದ ಲೆಕ್ಕವನ್ನು ಹಾಕುತ್ತವೆ, ಬ್ಯಾರನ್ನಿನ ವಿದ್ಯೆಯ ಲೆಕ್ಕವನ್ನು ಹಾಕುವುದು ಕಾಣೆ. ಇದೇ ತಾಲ್ಲೂಕುಗಳಲ್ಲಿ ಶುಂಠಿಯನ್ನು ಬೆಳೆಯುತ್ತಾರೆ. ಹಸಿ ಶುಂಠಿಯ ಬೆಲೆ ಕುಸಿದ ವರ್ಷ ಅದನ್ನು ಇಟ್ಟುಕೊಳ್ಳುವ ಉಪಾಯವಿಲ್ಲದೆ ಕಂಗಾಲಾಗುತ್ತಾರೆ. ಒಣಶುಂಠಿ ಕೆಡದೆ ಉಳಿಯುತ್ತದೆ. ಹೊಗೆಸೊಪ್ಪಿನ ಅಂಟು ಹಿಡಿದ ಹಳೆಯ ಕಟ್ಟಡ ತಿನ್ನುವ ಪದಾರ್ಥಕ್ಕೆ ಸಲ್ಲದು, ಹೊಸದನ್ನೇ ಕಟ್ಟಬೇಕು. ಆದರೆ ಬೆಂಕಿ ಹಾಕುವವರನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಶುಂಠಿಯ ಪರಿಮಳದ ತೈಲ ಹಾರಿಹೋಗದಂತೆ ಒಣಗಿಸಲು ಶಾಖವು ೧೪೦ ಡಿಗ್ರಿಯನ್ನು ಮೀರಬಾರದೆನ್ನುತ್ತಾರೆ. ಎಲೆಯ ಹಾಳೆ ಒಣಗಿ, ದಂಟು ಇನ್ನೂ ಹಸಿಯಾಗಿರುವ ಹೊತ್ತಿನ ಶಾಖವದು. ಬ್ಯಾರನ್ನಿನವರು ಅದನ್ನು ಬಾಗಿಲ ಬಳಿ ಅಂಗೈ ಹಿಡಿದೇ ಹೇಳಬಲ್ಲರು.